ಮಾಲು ಕೊಟ್ಟವನ ಪಾಳಿ

ದೀಪಾವಳಿಯ ಪಾಡ್ಯದಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಪೇಟೆಗಳಲ್ಲಿ ಅಂಗಡಿಕಾರರು ಹೊಸ ಕೀರ್ದಿ-ಖಾತೆಗಳನ್ನು ಮಣೆಯ ಮೇಲಿಟ್ಟು, ಕುಂಕುಮವೇರಿಸಿ, ಚುರುಮುರಿ-ಬತ್ತಾಸು ಹಂಚುವುದು ವಾಡಿಕೆ. ಅದೇ ವ್ಯಾಪಾರಸ್ಥರ ಮಾತಿನಲ್ಲಿ ‘ದಿವಾಳಿ’ ಎಂಬ ಇನ್ನೊಂದು ಶಬ್ದವೂ ಉಂಟು. ಹಬ್ಬದ ದಿನ ಅದನ್ನು ಯಾರೂ ನಾಲಿಗೆಗೆ ತರಲೊಲ್ಲರು. ಹಿಂದಿನ ಕಾಲದಲ್ಲಿ, ಪಶ್ಚಿಮ ಭಾರತದ ಪೇಟೆಗಳಲ್ಲಿ, ಪಡೆದ ಹಣವನ್ನು ಹಿಂದಿರುಗಿಸಲಾರದೆ ಕೈಚೆಲ್ಲಿದ ಸಾಹುಕಾರನು ಹಾಡಹಗಲೇ ತನ್ನ ಅಂಗಡಿಯಲ್ಲಿ ದೀಪವೊಂದನ್ನು ಹಚ್ಚಿಟ್ಟು, ಲೆಕ್ಕ ಇತ್ಯರ್ಥವಾಗುವವರೆಗೆ ಕಣ್ಮರೆಯಾಗುತ್ತಿದ್ದನೆಂದೂ, ಆ ದೀಪದಿಂದಲೇ ದಿವಾಳಿ ಎಂಬ ಮಾತು ಹುಟ್ಟಿತೆಂದೂ ಹೇಳುವುದುಂಟು. ಶಬ್ದಶಾಸ್ತ್ರಜ್ಞರು ಇದನ್ನು ಒಪ್ಪುವರೋ ಬಿಡುವರೋ, ಕಥೆಯಲ್ಲಿ ಒಂದು ಬಗೆಯ ಸೌಜನ್ಯವಂತೂ ಇದೆ. ಮುಳುಗಿದವನು ತಾನು ಮುಳುಗಿದೆನೆಂದು ಊರಿಗೆ ತಾನೇ ಸಾರುತ್ತಿದ್ದನಷ್ಟೆ!

ಕಂಪನಿಯೆಂಬುದು ಹಾಗೆ ದೀಪ ಹಚ್ಚುವ ಪ್ರಾಣಿಯಲ್ಲ. ಅದು ಕಾನೂನಿನ ಗರ್ಭದಲ್ಲಿ ಜನಿಸಿದ ವ್ಯಕ್ತಿ. ಅದಕ್ಕೆ ಹೆಸರುಂಟು, ಆಸ್ತಿಯುಂಟು, ಸಾಲ ಮಾಡುವ ಹಕ್ಕುಂಟು, ನಾಚಿಕೆಯಿಲ್ಲ, ಮುಪ್ಪಿಲ್ಲ. ಷೇರುದಾರರೆಲ್ಲ ತೀರಿಕೊಂಡರೂ ಅದು ಸಾಯದು. ಹೆಸರಿನ ತುದಿಯಲ್ಲಿರುವ ‘ಲಿಮಿಟೆಡ್’ ಎಂಬ ಮಾತಿನ ಅರ್ಥವಿಷ್ಟೆ: ಷೇರು ಕೊಂಡವನು ತನ್ನ ಷೇರಿನ ಹಣವನ್ನು ತುಂಬಿದ ಮೇಲೆ, ಕಂಪನಿಯ ಸಾಲಕ್ಕಾಗಿ ಅವನ ಮನೆಯ ಬಾಗಿಲನ್ನು ಯಾರೂ ತಟ್ಟುವಂತಿಲ್ಲ. ಆದುದರಿಂದ, ಮಾಲು ಕೊಟ್ಟು ಹಣ ಬಾರದೆ ಕುಳಿತವನಿಗೆ ಕಾನೂನು ಕಟ್ಟಕಡೆಗೆ ಒಂದು ಕಠೋರವಾದ ದಾರಿಯನ್ನು ತೋರಿಸಿಕೊಟ್ಟಿತು. ಅದು ಕಂಪನಿಯನ್ನೇ ಮುಗಿಸಿಬಿಡುವ ದಾರಿ. ನ್ಯಾಯಾಲಯವು ಕಂಪನಿಯ ಬಾಗಿಲಿಗೆ ಬೀಗ ಜಡಿಸಿ, ಇದ್ದಬದ್ದುದನ್ನೆಲ್ಲ ಲಿಲಾವಿಗೆ ಹಚ್ಚಿ, ಬಂದ ಹಣವನ್ನು ಹಂಚಿ, ಕೊನೆಗೆ ಅದರ ಹೆಸರನ್ನೇ ದಫ್ತರದಿಂದ ಅಳಿಸಿಬಿಡುವ ಈ ಕ್ರಿಯೆಗೆ ಸಮಾಪನವೆಂದು ಹೆಸರು. ಇದು ಕಂಪನಿಗೆ ಮರಣದಂಡನೆಯೆಂದೇ ಹೇಳಬಹುದು. ಆದರೆ ಈ ದಂಡನೆಯನ್ನು ಬೇಡಿದವನಿಗೆ ಕೊನೆಯಲ್ಲಿ ದಕ್ಕುವುದೇನು? ಬೆಂಗಳೂರಿನ ವಕೀಲರಿಗೆ ಮಾತ್ರವಲ್ಲ, ಭೀಮೆ-ಕೃಷ್ಣೆಯರ ನಡುವಣ ಒಕ್ಕಲುತನದ ಮನೆಗಳಿಗೂ ಈಗ ಈ ಪ್ರಶ್ನೆ ಸಂಬಂಧಿಸಿದೆ.

ಜೋಳದ ಸೀಮೆಯಲ್ಲಿ ಕಬ್ಬು

ಈ ನಾಲ್ಕು ತಾಲೂಕುಗಳು ಬಹುಕಾಲ ಬರದ ಸೀಮೆಯೆಂದೇ ಹೆಸರಾಗಿದ್ದುವು. ಡೋಣಿ ನದಿಯ ಎರೆಭೂಮಿಯ ಬಿಳಿಜೋಳ, ಸಿಂದಗಿಯ ತೊಗರಿ, ಇಂಡಿಯ ನಿಂಬೆ, ಬಾಗೇವಾಡಿಯ ಉಳ್ಳಾಗಡ್ಡಿ ಇವೆಲ್ಲ ಅಡತಿ ಅಂಗಡಿಗೆ ಬಂದು, ಅಲ್ಲಿಯೇ ತೂಕವಾಗಿ, ಕೆಲವು ರೋಖಕ್ಕೆ, ಕೆಲವು ಉದರಿಗೆ ಕೈಬದಲಾಗುತ್ತಿದ್ದುವು. ಉದರಿ ಕೊಟ್ಟವನಿಗೂ ಕೊಂಡವನಿಗೂ ಪರಸ್ಪರ ಮನೆತನದ ಪರಿಚಯವಿತ್ತು. ಹಣ ತಡವಾದರೆ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಕೇಳಬಹುದಾಗಿತ್ತು. ಜಾತ್ರೆಯಲ್ಲಿ ಎದುರಾದರೆ ಮುಖ ತಪ್ಪಿಸಿಕೊಳ್ಳುವುದು ಸುಲಭವಾಗಿರಲಿಲ್ಲ.

೧೯೬೪ರ ಮೇ ತಿಂಗಳಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿನ ಅಡಿಗಲ್ಲನ್ನಿಟ್ಟರು. ನೀರು ಹೊಲಕ್ಕೆ ಬರಲು ಒಂದು ತಲೆಮಾರು ಕಳೆಯಿತು. ಆಲಮಟ್ಟಿ ಮತ್ತು ನಾರಾಯಣಪುರದ ಜಲಾಶಯಗಳಿಂದ ಕಾಲುವೆಗಳು, ಏತ ನೀರಾವರಿಯ ಕೊಳವೆಗಳು ಹರಿದ ಮೇಲೆ, ಭೀಮೆಯ ದಂಡೆಯ ಪಂಪುಗಳೂ ಸೇರಿ, ಜೋಳದ ಹೊಲಗಳಲ್ಲಿ ಕಬ್ಬು ತಲೆಯೆತ್ತಿತು. ಇಂಡಿ ತಾಲೂಕಿನ ಮರಗೂರು, ಮುದ್ದೇಬಿಹಾಳ ತಾಲೂಕಿನ ಯರಗಲ್ಲ ಮೊದಲಾದೆಡೆ ಸಕ್ಕರೆ ಕಾರ್ಖಾನೆಗಳ ಚಿಮಣಿಗಳು ಎದ್ದುವು. ಇದರಿಂದ ಸೀಮೆಗೆ ಬಂದ ಐಸಿರಿಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇದರೊಡನೆ ಇನ್ನೊಂದು ಬದಲಾವಣೆಯೂ ಸದ್ದಿಲ್ಲದೆ ಬಂದಿತು. ಒಕ್ಕಲಿಗನ ಮಾಲನ್ನು ಕೊಳ್ಳುವವನು ಈಗ ಪೇಟೆಯ ಸಾಹುಕಾರನಾಗಿರಲಿಲ್ಲ. ಬಹುಮಟ್ಟಿಗೆ ಅವನೊಂದು ಲಿಮಿಟೆಡ್ ಕಂಪನಿಯಾಗಿದ್ದನು.

ಕಬ್ಬು ಜೋಳದಂತಲ್ಲ. ಜೋಳವನ್ನು ಹಗೆಯಲ್ಲಿ ತುಂಬಿಟ್ಟು ಧಾರಣೆ ಏರುವವರೆಗೆ ಕಾಯಬಹುದು. ಕಡಿದ ಕಬ್ಬು ಗಂಟೆಗಂಟೆಗೆ ತೂಕವನ್ನೂ ಸಿಹಿಯನ್ನೂ ಕಳೆದುಕೊಳ್ಳುತ್ತದೆ. ಕಾರ್ಖಾನೆಯ ಕಟಾವು ಚೀಟಿ ಬಂದೊಡನೆ ಗ್ಯಾಂಗು ಹೊಲಕ್ಕಿಳಿಯಬೇಕು, ಟ್ರಾಕ್ಟರು ಕಾಟಾದ ಮುಂದೆ ನಿಲ್ಲಬೇಕು, ಮಾಲು ಗಾಣಕ್ಕೆ ಬೀಳಬೇಕು. ಹಣ ಕೊಟ್ಟರಷ್ಟೇ ಇಳಿಸುತ್ತೇನೆಂದು ಹಟ ಹಿಡಿಯುವಂತಿಲ್ಲ. ಹೀಗೆ ವರ್ಷವೆಲ್ಲ ನೀರು-ಗೊಬ್ಬರವಿಕ್ಕಿ ಬೆಳೆದುದನ್ನು ಒಂದೇ ಹಗಲಿನಲ್ಲಿ ಉದರಿ ಕೊಟ್ಟು, ತೂಕದ ಚೀಟಿಯೊಂದನ್ನು ಕಿಸೆಯಲ್ಲಿಟ್ಟುಕೊಂಡು ಮನೆಗೆ ಮರಳುವ ಮಾರಾಟಗಾರ ಬೇರೆ ಯಾವ ವ್ಯಾಪಾರದಲ್ಲಿಯೂ ಅಪರೂಪ.

ಈ ಅಸಹಾಯಕತೆಯನ್ನು ಸರಕಾರವೂ ಬಲ್ಲುದು. ಅಗತ್ಯ ವಸ್ತುಗಳ ಕಾಯಿದೆಯ ಕೆಳಗೆ ೧೯೬೬ರಲ್ಲಿ ಹೊರಟ ಕಬ್ಬು ನಿಯಂತ್ರಣ ಆಜ್ಞೆಯ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಮಾಲು ಪಡೆದ ೧೪ ದಿನಗಳಲ್ಲಿ ಬೆಲೆಯನ್ನು ಸಲ್ಲಿಸಬೇಕು. ತಡವಾದರೆ ವರ್ಷಕ್ಕೆ ಶೇಕಡಾ ೧೫ರ ಬಡ್ಡಿ. ಆಜ್ಞೆಯೇನೋ ಸ್ಪಷ್ಟವಾಗಿದೆ. ಆದರೂ ಸಕ್ಕರೆಯ ಧಾರಣೆ ಕುಸಿದ ವರ್ಷಗಳಲ್ಲಿ ನಾಡಿನ ನಾನಾ ಕಡೆ ೧೪ ದಿನಗಳು ತಿಂಗಳುಗಳಾಗಿ, ತಿಂಗಳುಗಳು ಮುಂದಿನ ಹಂಗಾಮಿನವರೆಗೆ ಬೆಳೆದುದನ್ನು ವೃತ್ತಪತ್ರಿಕೆಗಳನ್ನು ಓದುವವರೆಲ್ಲ ಬಲ್ಲರು. ಆಗ ರೈತರ ಸಭೆಗಳಲ್ಲಿ ಕೇಳಿಬರುವ ಸಿಟ್ಟಿನ ಮಾತೊಂದುಂಟು: “ಹಣ ಕೊಡದ ಕಂಪನಿಯನ್ನು ಮುಚ್ಚಿಸಿಬಿಡಿ!”

ಐದುನೂರು ರೂಪಾಯಿಯ ಅಸ್ತ್ರ

ಮುಚ್ಚಿಸುವುದು ಒಂದು ಕಾಲದಲ್ಲಿ, ಕನಿಷ್ಠ ಕಾಗದದ ಮೇಲಾದರೂ, ಬಲು ಸುಲಭವಾಗಿತ್ತು. ೧೯೧೩ರ ಕಂಪನಿ ಕಾಯಿದೆಯಂತೆ, ೫೦೦ ರೂಪಾಯಿಗೆ ಮೇಲ್ಪಟ್ಟ ಬಾಕಿ ಬರಬೇಕಾದವನು ಕಂಪನಿಯ ನೋಂದಾಯಿತ ಕಚೇರಿಗೆ ಒಂದು ನೋಟೀಸನ್ನು ಕಳಿಸಿ ಮೂರು ವಾರ ಕಾದರೆ ಸಾಕು. ಅಷ್ಟರಲ್ಲಿ ಹಣ ಬಾರದಿದ್ದರೆ ಆ ಕಂಪನಿಗೆ ಸಾಲ ತೀರಿಸುವ ಶಕ್ತಿಯಿಲ್ಲವೆಂದೇ ಕಾನೂನು ಭಾವಿಸುತ್ತಿತ್ತು. ೧೯೫೬ರ ಕಾಯಿದೆ ಬಂದಾಗಲೂ ಈ ೫೦೦ ರೂಪಾಯಿ ಹಾಗೆಯೇ ಉಳಿಯಿತು. ಅದೇ ವರ್ಷದ ನವೆಂಬರ್ ೧ರಂದು ವಿಜಾಪುರ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅದುವರೆಗೆ ಮುಂಬಯಿಯ ಹೈಕೋರ್ಟಿನ ದಾರಿ ಹಿಡಿಯಬೇಕಾಗಿದ್ದ ಇಂಥ ಅರ್ಜಿ ಅಲ್ಲಿಂದ ಮುಂದೆ ಬೆಂಗಳೂರಿನ ದಾರಿ ಹಿಡಿಯಿತು. ಊರು ಬದಲಾದರೂ ಮೊತ್ತ ಬದಲಾಗಲಿಲ್ಲ. ೧೯೧೩ರಲ್ಲಿ ಒಂದು ಸಂಸಾರದ ವರುಷದ ಖರ್ಚನ್ನು ಮೀರುವಂತಿದ್ದ ೫೦೦ ರೂಪಾಯಿ, ೨೦೧೬ರ ಹೊತ್ತಿಗೆ ಹೋಟೆಲಿನಲ್ಲಿ ನಾಲ್ವರ ಊಟಕ್ಕೂ ಸಾಲದಾಯಿತು.

ಇಷ್ಟು ಚಿಕ್ಕ ಬಾಕಿಗೆ ಇಷ್ಟು ದೊಡ್ಡ ಅಸ್ತ್ರ ಸಿಕ್ಕರೆ ದುರುಪಯೋಗವಾಗದಿರುವುದೇ? ಕೊಟ್ಟ ಮಾಲು ಕಳಪೆಯೆಂದು ಕೊಂಡವನು ಪ್ರಾಮಾಣಿಕವಾಗಿಯೇ ತಕರಾರು ಮಾಡುತ್ತಿದ್ದರೂ, ಹೆದರಿಸಿ ಹಣ ಕೀಳಲು ಸಮಾಪನದ ಅರ್ಜಿ ಹಾಕುವವರು ಹುಟ್ಟಿಕೊಂಡರು. ಪತ್ರಿಕೆಯಲ್ಲಿ ಅರ್ಜಿಯ ಜಾಹೀರಾತು ಬಂದಿತೆಂದರೆ ಬ್ಯಾಂಕುಗಳು ಸಾಲ ನಿಲ್ಲಿಸುತ್ತಿದ್ದುವು. ಗಟ್ಟಿಮುಟ್ಟಾಗಿದ್ದ ಕಂಪನಿಯೂ ಆ ಹೊಡೆತಕ್ಕೆ ತತ್ತರಿಸುತ್ತಿತ್ತು. ೧೯೭೧ರಲ್ಲಿ ಮಧು ಉಲನ್ ಇಂಡಸ್ಟ್ರೀಸ್ ಎಂಬ ಕಂಪನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದಕ್ಕೊಂದು ಎಲ್ಲೆ ಕಟ್ಟಿತು. ಬಾಕಿಯ ಬಗೆಗೆ ನಿಜವಾದ, ಹುರುಳುಳ್ಳ ತಕರಾರಿದ್ದರೆ ಸಮಾಪನದ ಅರ್ಜಿ ಸಲ್ಲದು. ಅಂಥವರು ಸಾಮಾನ್ಯ ದಾವೆ ಹೂಡಿ ತಮ್ಮ ಹಣವನ್ನು ಸಿದ್ಧಪಡಿಸಿಕೊಳ್ಳಲಿ ಎಂಬುದು ಅದರ ಒಂದು ಮಗ್ಗುಲು. ಬಾಕಿ ನಿರ್ವಿವಾದವಾಗಿದ್ದು, ಕೊಡುವ ಶಕ್ತಿಯಿದೆ, ಆದರೆ ಕೊಡುವುದಿಲ್ಲ ಎಂದು ಕಂಪನಿ ಹೇಳಿದರೆ ಆ ಮಾತಿಗೆ ನ್ಯಾಯಾಲಯ ಕಿವಿಗೊಡದು ಎಂಬುದು ಇನ್ನೊಂದು ಮಗ್ಗುಲು. ಎರಡೂ ಮಾತುಗಳು ನ್ಯಾಯವಾದುವೇ. ಆದರೆ ಇವುಗಳ ನಡುವೆ ತಕರಾರನ್ನು ಹುಟ್ಟಿಸಿಕೊಳ್ಳುವ ಕಲೆಯೊಂದು ಬೆಳೆಯಿತು. ನೋಟೀಸು ಮುಟ್ಟಿದ ಮೇಲೆ ಮಾಲಿನ ದೋಷಗಳು ಒಂದೊಂದಾಗಿ ನೆನಪಾಗತೊಡಗಿದುವು!

ಆಕಾಶದಿಂದ ಬಿದ್ದ ಕಂಪನಿ

ಈ ಅಸ್ತ್ರದ ಪೂರ್ಣ ಪ್ರಯೋಗವನ್ನು ಕರ್ನಾಟಕವು ಕಂಡುದು ಕಿಂಗ್‌ಫಿಷರ್ ಏರ್‌ಲೈನ್ಸ್ ಕಂಪನಿಯ ಪ್ರಕರಣದಲ್ಲಿ. ಬೆಂಗಳೂರಿನ ಯು.ಬಿ. ಸಮೂಹದ ವಿಜಯ್ ಮಲ್ಯ ಅವರು ಕಟ್ಟಿದ ಈ ವಿಮಾನ ಸಂಸ್ಥೆ ೨೦೦೫ರ ಮೇ ತಿಂಗಳಲ್ಲಿ ಹಾರಾಟವನ್ನಾರಂಭಿಸಿತು. ಕೆಂಪುಡುಗೆಯ ಪರಿಚಾರಿಕೆಯರು, ಆಸನದೆದುರಿಗೆ ಕಿರುಪರದೆ, ಬೆಳ್ಳಿಬಟ್ಟಲಿನ ಉಪಚಾರವೆನ್ನುವಂಥ ವೈಭವ ಇವೆಲ್ಲ ಕೂಡಿ, ವಿಮಾನವನ್ನೇರದವರ ಬಾಯಲ್ಲಿಯೂ ಅದರ ಹೆಸರು ಆಡುವಂತಾಯಿತು. ಬಡವರ ವಿಮಾನವೆಂದು ಪ್ರಸಿದ್ಧವಾಗಿದ್ದ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಸಂಸ್ಥೆಯನ್ನೂ ಅದು ತನ್ನೊಳಗೆ ಸೇರಿಸಿಕೊಂಡಿತು. ೨೦೦೮ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ಹಾರಿತು. ಇಷ್ಟಾಗಿಯೂ ಅದು ಲಾಭವನ್ನು ಕಂಡ ವರ್ಷವಿಲ್ಲ. ಎಣ್ಣೆಯ ಬಾಕಿ, ನಿಲ್ದಾಣದ ಬಾಕಿ, ಬಾಡಿಗೆ ವಿಮಾನಗಳ ಬಾಕಿ, ನೌಕರರ ಸಂಬಳದ ಬಾಕಿ ಇವು ಒಂದರ ಮೇಲೊಂದು ಪೇರಿ, ೨೦೧೨ರ ಅಕ್ಟೋಬರಿನಲ್ಲಿ ರೆಕ್ಕೆಗಳು ಮುದುರಿದುವು.

ಹದಿನೇಳು ಬ್ಯಾಂಕುಗಳ ಕೂಟವೊಂದು ಸಾವಿರಾರು ಕೋಟಿ ರೂಪಾಯಿ ಸಾಲ ಕೊಟ್ಟು ಕುಳಿತಿತ್ತು. ಆದರೆ ಕಂಪನಿಯ ಸಮಾಪನಕ್ಕೆ ಕಾರಣವಾದ ಅರ್ಜಿ ಬ್ಯಾಂಕಿನದಾಗಿರಲಿಲ್ಲ, ಮಾಲು ಕೊಟ್ಟವನದಾಗಿತ್ತು. ವಿಮಾನದ ಬಿಡಿಭಾಗಗಳನ್ನು ಒದಗಿಸುವ ಏರೊಟ್ರಾನ್ ಎಂಬ ಬ್ರಿಟಿಷ್ ಕಂಪನಿ, ತನಗೆ ಬರಬೇಕಾದ ಸುಮಾರು ೬೦ ಲಕ್ಷ ಡಾಲರುಗಳಿಗಾಗಿ ೨೦೧೨ರಲ್ಲಿಯೇ ಕರ್ನಾಟಕ ಹೈಕೋರ್ಟಿನ ಬಾಗಿಲಿಗೆ ಬಂದಿತ್ತು. ವಿಚಾರಣೆ ನಾಲ್ಕು ವರ್ಷ ನಡೆಯಿತು. ಈ ನಡುವೆ, ೨೦೧೬ರ ಮಾರ್ಚ್ ೨ರಂದು, ಮಲ್ಯ ಅವರು ದೇಶ ಬಿಟ್ಟು ತೆರಳಿದರು. ಅದೇ ವರ್ಷ ನವೆಂಬರ್ ೧೮ರಂದು ನ್ಯಾಯಮೂರ್ತಿ ವಿನೀತ್ ಕೊಠಾರಿಯವರು ಕಂಪನಿಯನ್ನು ಸಮಾಪನಗೊಳಿಸಿ, ಅದರ ಆಸ್ತಿಪಾಸ್ತಿಗಳನ್ನು ಅಧಿಕೃತ ಲಿಕ್ವಿಡೇಟರರು ವಶಪಡಿಸಿಕೊಳ್ಳತಕ್ಕದ್ದೆಂದು ಆಜ್ಞೆ ಮಾಡಿದರು. ಮೂರು ತಿಂಗಳೊಳಗೆ, ೨೦೧೭ರ ಫೆಬ್ರುವರಿ ೭ರಂದು, ಸಮೂಹದ ಮಾತೃಸಂಸ್ಥೆಯಾದ ಯುನೈಟೆಡ್ ಬ್ರೂವರೀಸ್ ಹೋಲ್ಡಿಂಗ್ಸ್ ಕಂಪನಿಗೂ ಅದೇ ಗತಿಯಾಯಿತು. ವಿಮಾನ ಸಂಸ್ಥೆಯ ಸಾಲಗಳಿಗೆ ಅದು ಜಾಮೀನು ನಿಂತಿತ್ತು. ಅದರ ಮೇಲೆ ಅರ್ಜಿ ಹಾಕಿದವರಲ್ಲಿ ವಿಮಾನದ ಎಂಜಿನುಗಳನ್ನು ತಯಾರಿಸುವ ರೋಲ್ಸ್ ರಾಯ್ಸ್ ಸಂಸ್ಥೆಯೂ ಇದ್ದಿತು.

ಮಾಲು ಕೊಟ್ಟವನು ಗೆದ್ದನು. ಆದರೆ ಆ ಗೆಲುವಿನ ಬೆಲೆಯೆಷ್ಟು? ನಿಂತುಹೋದ ವಿಮಾನ ಸಂಸ್ಥೆಯಲ್ಲಿ ಮಾರುವುದಕ್ಕೆ ಉಳಿದಿರುವುದೇ ಕಡಿಮೆ. ಹೆಚ್ಚಿನ ವಿಮಾನಗಳು ಬಾಡಿಗೆಯವಾದುದರಿಂದ ಅವು ಕಂಪನಿಯ ಸೊತ್ತಲ್ಲ. ಮುಂಬಯಿಯ ವಿಮಾನ ನಿಲ್ದಾಣದ ಬಳಿ ಇದ್ದ ‘ಕಿಂಗ್‌ಫಿಷರ್ ಹೌಸ್’ ಕಟ್ಟಡವನ್ನು ಬ್ಯಾಂಕುಗಳು ೨೦೧೬ರ ಮಾರ್ಚಿನಲ್ಲಿ ೧೫೦ ಕೋಟಿ ರೂಪಾಯಿಗೆ ಲಿಲಾವಿಗಿಟ್ಟಾಗ ಒಬ್ಬನೂ ಬೇಡಲಿಲ್ಲ. ಮತ್ತೆ ಮತ್ತೆ ಡಂಗುರ ಸಾರಿ, ಬೆಲೆ ಇಳಿಸಿ ಇಳಿಸಿ, ೨೦೨೧ರಲ್ಲಿ ಅದು ಮಾರಾಟವಾದಾಗ ಕೈಗೆ ಬಂದುದು ಸುಮಾರು ೫೨ ಕೋಟಿ. ಆ ಹಣವೂ ಬ್ಯಾಂಕುಗಳದು. ಸಮೂಹದ ಇತರ ಕಂಪನಿಗಳಲ್ಲಿದ್ದ ಷೇರುಗಳು ಜಪ್ತಿಯಾಗಿ ಮಾರಾಟವಾದುದರಿಂದಲೂ ಬ್ಯಾಂಕುಗಳಿಗೆ ಸಾವಿರಾರು ಕೋಟಿ ಬಂದಿತು. ೨೦೨೪ರ ಡಿಸೆಂಬರಿನಲ್ಲಿ ಕೇಂದ್ರದ ಹಣಕಾಸು ಸಚಿವೆಯವರು ಲೋಕಸಭೆಯಲ್ಲಿ ಹೇಳಿದ ಪ್ರಕಾರ, ಮಲ್ಯ ಅವರ ಪ್ರಕರಣದಲ್ಲಿ ಬ್ಯಾಂಕುಗಳಿಗೆ ಮರಳಿಸಿದ ಆಸ್ತಿಯ ಮೊತ್ತ ೧೪,೧೩೧ ಕೋಟಿ ರೂಪಾಯಿಗಳಿಗೂ ಮಿಗಿಲು. ಸಮಾಪನವನ್ನು ಬೇಡಿ ಗೆದ್ದ ಏರೊಟ್ರಾನ್ ಕಂಪನಿಯಾದರೋ ಭದ್ರತೆಯಿಲ್ಲದೆ ಉದರಿ ಕೊಟ್ಟವರ ಗುಂಪಿಗೆ ಸೇರಿದುದು. ಬಾಗಿಲು ತೆರೆಸಿದವನು ಅವನು. ಒಳಗೆ ನಡೆದವರು ಬೇರೆಯವರು.

ಇದು ಅನ್ಯಾಯವೆಂದು ತಟ್ಟನೆ ತೋರುವುದು ಸಹಜ. ಆದರೆ ಕಾನೂನಿನ ಲೆಕ್ಕ ಬೇರೆ. ಆಸ್ತಿಯನ್ನು ಅಡವಿಟ್ಟುಕೊಂಡು ಸಾಲ ಕೊಟ್ಟವನು ಮೊದಲೇ ಎಚ್ಚರ ವಹಿಸಿದವನು. ಅವನ ಎಚ್ಚರಕ್ಕೆ ಮನ್ನಣೆ ಸಿಕ್ಕಬೇಕು. ದುಡಿದ ಕೂಲಿಗಾರನಿಗೆ ಬೇರೆ ಗತಿಯಿಲ್ಲ, ಅವನನ್ನು ಬಿಡಲಾಗದು. ಈಗ ಜಾರಿಯಲ್ಲಿರುವ ೨೦೧೬ರ ದಿವಾಳಿ ಸಂಹಿತೆಯ ಪ್ರಕಾರ, ಮಾರಿ ಬಂದ ಹಣದಲ್ಲಿ ಮೊದಲು ಮಾರುವ ಕೆಲಸದ ಖರ್ಚೇ ಕಳೆಯುತ್ತದೆ. ಅನಂತರ ಕೂಲಿಗಾರರ ೨೪ ತಿಂಗಳ ಬಾಕಿಯೂ ಅಡವು ಹಿಡಿದ ಬ್ಯಾಂಕುಗಳೂ ಸಮಸಮವಾಗಿ ನಿಲ್ಲುತ್ತವೆ. ಅವರ ಹಿಂದೆ ಕಚೇರಿಯ ನೌಕರರು, ಅವರ ಹಿಂದೆ ಅಡವಿಲ್ಲದೆ ಸಾಲ ಕೊಟ್ಟ ಹಣಕಾಸಿನವರು, ಅವರ ಹಿಂದೆ ಸರಕಾರದ ತೆರಿಗೆ. ಇಷ್ಟು ಜನ ಉಂಡೆದ್ದ ಮೇಲೆ ಮಾಲು ಕೊಟ್ಟವನ ಪಾಳಿ. ಅವನ ಹಿಂದೆ ಇರುವವರು ಷೇರುದಾರರು ಮಾತ್ರ. ೧೯೫೬ರ ಕಾಯಿದೆಯಲ್ಲಿಯೂ ಅವನ ಜಾಗ ಹೆಚ್ಚುಕಡಿಮೆ ಇದೇ ಆಗಿತ್ತು.

ಸಿರಗುಪ್ಪದ ಗೋದಾಮು

ವಿಮಾನದ ಬಿಡಿಭಾಗ ಮಾರುವ ಪರದೇಶದ ಕಂಪನಿಗೆ ನಷ್ಟವಾದರೆ ಮುದ್ದೇಬಿಹಾಳದವರಿಗೇನು ಎಂದು ವಾಚಕರು ಕೇಳಬಹುದು. ಅವರು ಬಳ್ಳಾರಿ ಜಿಲ್ಲೆಯ ಸಿರಗುಪ್ಪದ ಕಡೆಗೊಮ್ಮೆ ನೋಡಬೇಕು. ಅಲ್ಲಿಯ ‘ಸಿರಗುಪ್ಪ ಶುಗರ್ಸ್ ಅಂಡ್ ಕೆಮಿಕಲ್ಸ್’ ಕಂಪನಿ ತನ್ನ ಸಕ್ಕರೆ ದಾಸ್ತಾನನ್ನು ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಒತ್ತೆಯಿಟ್ಟು ಸಾಲ ಪಡೆದಿತ್ತು. ಇದರಲ್ಲಿ ಅಸಹಜವಾದುದೇನೂ ಇಲ್ಲ. ಸಕ್ಕರೆ ಕಾರ್ಖಾನೆ ನಾಲ್ಕೈದು ತಿಂಗಳು ಕಬ್ಬನ್ನು ನುರಿಸಿ, ಸಕ್ಕರೆಯನ್ನು ವರ್ಷಪೂರ್ತಿ ಮಾರುತ್ತದೆ. ನಡುವಣ ಅಂತರವನ್ನು ದಾಟಲು ಗೋದಾಮಿನ ಚೀಲಗಳನ್ನು ಬ್ಯಾಂಕಿಗೆ ಒತ್ತೆಯಿಡುವುದು ಈ ಉದ್ಯಮದ ನಿತ್ಯದ ಪದ್ಧತಿ. ಇತ್ತ ಕಬ್ಬಿನ ಬೆಲೆ ರೈತರಿಗೆ ಬಾಕಿ, ಕಾರ್ಮಿಕರ ವೇತನವೂ ಬಾಕಿ. ಸರಕಾರದ ಅಧಿಕಾರಿಗಳು ಸಕ್ಕರೆಯನ್ನು ವಶಪಡಿಸಿಕೊಂಡು ಮಾರಿಸಿ, ಆ ಹಣದಿಂದ ಬಾಕಿ ತೀರಿಸಲು ಮುಂದಾದರು. ಹೈಕೋರ್ಟು ಇದಕ್ಕೆ ಒಪ್ಪಿತು. ಬ್ಯಾಂಕು ಸುಪ್ರೀಂ ಕೋರ್ಟಿಗೆ ಹೋಯಿತು.

೨೦೦೭ರಲ್ಲಿ ಬಂದ ತೀರ್ಪು ಬ್ಯಾಂಕಿನ ಪರವಾಗಿತ್ತು. ಒತ್ತೆ ಹಿಡಿದವನ ಹಕ್ಕು ಮುಂದು; ಭದ್ರತೆಯಿಲ್ಲದ ಬಾಕಿದಾರರಾದ ಕಬ್ಬಿನ ಬೆಳೆಗಾರರೂ ಕಾರ್ಮಿಕರೂ ಆ ಹಕ್ಕನ್ನು ಮೀರಿ ಆ ಸಕ್ಕರೆಯ ಹಣವನ್ನು ಪಡೆಯಲಾರರು ಎಂದು ನ್ಯಾಯಾಲಯ ಹೇಳಿತು. ಕಂಪನಿ ಸಮಾಪನಕ್ಕೆ ಬಂದಿದ್ದರೆ ಕಾರ್ಮಿಕರು ೧೯೫೬ರ ಕಾಯಿದೆಯಂತೆ ಬ್ಯಾಂಕಿನ ಸರಿಸಮನಾಗಿ ನಿಲ್ಲಬಹುದಾಗಿತ್ತು, ಅದು ಬಂದಿರಲಿಲ್ಲ. ಬೆಳೆಗಾರನಿಗಂತೂ ಸಮಾಪನದಲ್ಲಿಯೂ ಆ ಸ್ಥಾನವಿಲ್ಲ. ಸ್ವಲ್ಪ ನಿಂತು ಯೋಚಿಸಿದರೆ ಇದರ ತೀಕ್ಷ್ಣತೆ ಅರಿವಾಗದಿರದು. ಗೋದಾಮಿನಲ್ಲಿರುವುದು ರೈತನ ಕಬ್ಬೇ. ರೂಪ ಮಾತ್ರ ಬದಲಾಗಿದೆ. ಅದಕ್ಕೆ ಅವನಿನ್ನೂ ಬೆಲೆ ಪಡೆದಿಲ್ಲ. ಆದರೂ ಬಾಗಿಲಿಗಿರುವುದು ಬ್ಯಾಂಕಿನ ಬೀಗ. ಬ್ಯಾಂಕಿನದು ತಪ್ಪೆನ್ನಲಾದೀತೆ? ಅದು ಕೊಟ್ಟುದೂ ಠೇವಣಿದಾರರ ಹಣವೇ ತಾನೆ! ತಪ್ಪು ಬೀಗದಲ್ಲಿಲ್ಲ, ಕಾಟಾದ ಮೇಲೆ ಇಳಿಸಿದ ಕ್ಷಣದಿಂದ ಕಬ್ಬಿನ ಮೇಲೆ ಬೆಳೆದವನಿಗೆ ಯಾವ ಹಿಡಿತವೂ ಉಳಿಯದಿರುವುದರಲ್ಲಿದೆ.

ಕೋಟಿಯ ಹೊಸ್ತಿಲು

೨೦೧೬ರ ಡಿಸೆಂಬರಿನಿಂದೀಚೆಗೆ ಆಟದ ನಿಯಮಗಳೇ ಬೇರೆಯಾದುವು. ಸಾಲ ತೀರಿಸಲಾರದ ಕಂಪನಿಯ ವಿಚಾರ ಹೈಕೋರ್ಟಿನಿಂದ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಯಿತು. ಮೂರು ವಾರದ ನೋಟೀಸು ಹತ್ತು ದಿನದ್ದಾಯಿತು. ನೇರವಾಗಿ ಮುಚ್ಚುವ ಬದಲು, ಮೊದಲು ಕಂಪನಿಯನ್ನು ಬದುಕಿಸಿ ಬೇರೆಯವರ ಕೈಗೊಪ್ಪಿಸುವ ಪ್ರಯತ್ನ ನಡೆಯಬೇಕು. ಅದು ಸೋತರೆ ಮಾತ್ರ ಲಿಲಾವು. ಈ ಪ್ರಯತ್ನದ ಸೂತ್ರ ಹಿಡಿಯುವ ಸಮಿತಿಯಲ್ಲಿ ಮತದಾನದ ಹಕ್ಕು ಸಾಮಾನ್ಯವಾಗಿ ಹಣಕಾಸಿನ ಸಾಲ ಕೊಟ್ಟವರದು. ಮಾಲು ಕೊಟ್ಟವರ ಬಾಕಿ ಒಟ್ಟು ಸಾಲದ ಹತ್ತನೆಯ ಒಂದು ಪಾಲಿಗಿಂತ ಕಡಿಮೆಯಿಲ್ಲದಿದ್ದರೆ ಅವರ ಪ್ರತಿನಿಧಿಯೊಬ್ಬನು ಸಭೆಯಲ್ಲಿ ಕುಳಿತು ಕೇಳಬಹುದು, ಅಷ್ಟೆ.

ತಕರಾರಿನ ಹಳೆಯ ತೊಡಕೂ ಇಲ್ಲಿ ತಪ್ಪಲಿಲ್ಲ. ಅದನ್ನು ಬಿಡಿಸಿದ ಮೊಕದ್ದಮೆ ಒಂದು ನೃತ್ಯಸ್ಪರ್ಧೆಯಿಂದ ಹುಟ್ಟಿದುದೆಂದರೆ ಮನೆಮಂದಿಗೆಲ್ಲ ನಗು ಬಂದೀತು. ಟೆಲಿವಿಷನ್ನಿನ ‘ನಾಚ್ ಬಲಿಯೆ’ ಕಾರ್ಯಕ್ರಮಕ್ಕೆ ಪ್ರೇಕ್ಷಕರ ದೂರವಾಣಿ ಮತಗಳನ್ನು ಕೂಡಿಸುವ ಕೆಲಸ ಪಡೆದಿದ್ದ ಮೊಬಿಲಾಕ್ಸ್ ಎಂಬ ಕಂಪನಿ, ಅದರಲ್ಲೊಂದು ಭಾಗವನ್ನು ಕಿರುಸಾ ಎಂಬ ಕಂಪನಿಗೆ ವಹಿಸಿತ್ತು. ಗುಟ್ಟು ಕಾಯುವ ಕರಾರನ್ನು ಕಿರುಸಾ ಮುರಿಯಿತೆಂದು ಸುಮಾರು ೨೦ ಲಕ್ಷ ರೂಪಾಯಿಗಳ ಬಿಲ್ಲನ್ನು ತಡೆಹಿಡಿಯಿತು. ೨೦೧೭ರ ಸೆಪ್ಟೆಂಬರ್ ೨೧ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು: ನೋಟೀಸಿಗೆ ಮುಂಚೆಯೇ ನಿಜವಾದ ತಕರಾರೊಂದು ಇದ್ದಿತೇ ಎಂಬುದನ್ನಷ್ಟೆ ನ್ಯಾಯಮಂಡಳಿ ನೋಡಬೇಕು, ಅದು ಗೆಲ್ಲುವ ತಕರಾರೇ ಎಂದು ತೂಗಬೇಕಾದುದಿಲ್ಲ. ಆದುದರಿಂದ ಮಾಲು ಕೊಟ್ಟವನಿಗೆ, ಪಡೆದವನು ಆಗಲೇ ಒಪ್ಪಿ ಹಾಕಿದ ಒಂದು ರುಜು ಮುಂದಿನ ನೂರು ನೋಟೀಸುಗಳಿಗಿಂತ ಹೆಚ್ಚು.

ಸಣ್ಣವರಿಗೆ ನಿಜವಾದ ಪೆಟ್ಟು ಬಿದ್ದುದು ೨೦೨೦ರ ಮಾರ್ಚ್ ೨೪ರಂದು. ಸಾಂಕ್ರಾಮಿಕ ರೋಗದ ಆ ದಿನಗಳಲ್ಲಿ ಕಂಪನಿಗಳು ಸಾಲುಸಾಲಾಗಿ ದಿವಾಳಿಯ ಕಟ್ಟೆಗೆ ಬಾರದಿರಲೆಂದು, ಒಂದು ಲಕ್ಷವಿದ್ದ ಕನಿಷ್ಠ ಬಾಕಿಯ ಮೊತ್ತವನ್ನು ಸರಕಾರ ಒಂದೇ ಸಲಕ್ಕೆ ಒಂದು ಕೋಟಿಗೆ ಏರಿಸಿತು. ರೋಗ ಇಳಿಯಿತು, ಮೊತ್ತ ಇಳಿಯಲಿಲ್ಲ. ಒಬ್ಬ ಕಬ್ಬಿನ ಬೆಳೆಗಾರನ ಲೆಕ್ಕ ಹಾಕೋಣ. ೨೦೨೪-೨೫ರ ಹಂಗಾಮಿಗೆ ಕೇಂದ್ರ ಸರಕಾರ ಶೇಕಡಾ ೧೦.೨೫ರ ಇಳುವರಿಗೆ ಟನ್ನಿಗೆ ೩,೪೦೦ ರೂಪಾಯಿ ಬೆಲೆ ಗೊತ್ತುಮಾಡಿತ್ತು. ಕಡಿಯುವ, ಸಾಗಿಸುವ ಖರ್ಚನ್ನು ಕಳೆಯದಿದ್ದರೂ, ಕೋಟಿಯನ್ನು ಮುಟ್ಟಲು ೨,೯೪೧ ಟನ್ನಿಗೂ ಹೆಚ್ಚು ಕಬ್ಬು ಬೇಕು. ಎಕರೆಗೆ ೪೦ ಟನ್ನೆಂದು ಹಿಡಿದರೆ ಎಪ್ಪತ್ತಮೂರು ಎಕರೆಗೂ ಮಿಕ್ಕ ಬೆಳೆ, ಅದೂ ಒಂದು ಕಾಸನ್ನೂ ಪಡೆಯದೆ! ಹತ್ತು ಹಳ್ಳಿಗಳ ರೈತರು ಕೂಡಿ ಒಂದೇ ಅರ್ಜಿ ಹಾಕಿದರಾಗದೆ? ಆಗದು. ಕೆಲಸಗಾರರನ್ನು ಬಿಟ್ಟರೆ, ಮಾಲು ಕೊಟ್ಟವರು ತಂತಮ್ಮ ನೋಟೀಸು, ತಂತಮ್ಮ ಅರ್ಜಿಯೊಡನೆ ಒಬ್ಬೊಬ್ಬರಾಗಿಯೇ ಬರಬೇಕು. ಬರಬೇಕಾದುದೂ ಬೆಂಗಳೂರಿಗೆ. ಇಂಡಿ ರೋಡ್, ವಿಜಯಪುರ, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳನ್ನು ಹಾದುಬರುವ ಗೋಳಗುಮ್ಮಟ ಎಕ್ಸ್‌ಪ್ರೆಸ್ಸಿನಲ್ಲಿ ಅದು ಒಂದು ಇಡೀ ರಾತ್ರಿಯ ದಾರಿ.

ಕಾರ್ಖಾನೆ ಸಹಕಾರಿಯಾಗಿದ್ದರೆ ಈ ದಾರಿಯೂ ಇಲ್ಲ. ಮರಗೂರಿನ ಭೀಮಾಶಂಕರ ಕಾರ್ಖಾನೆಯಂತೆ ಸಹಕಾರಿ ತತ್ತ್ವದ ಮೇಲೆ ಕಟ್ಟಿದವು ಕಂಪನಿಗಳಲ್ಲ, ಸಂಘಗಳು. ೧೯೫೯ರ ರಾಜ್ಯ ಕಾಯಿದೆಯಂತೆ ಸಂಘವನ್ನು ಮುಚ್ಚುವ ಅಧಿಕಾರ ಸಹಕಾರ ಇಲಾಖೆಯ ರಿಜಿಸ್ಟ್ರಾರರದು. ಅಂಥ ಸಂಘದಲ್ಲಿ ಕಬ್ಬು ಕೊಡುವವನು ಸದಸ್ಯನೂ ಆಗಿರುತ್ತಾನೆ. ಒಂದು ಕೈಯಿಂದ ಬಾಕಿ ಕೇಳುವವನೂ ಅವನೇ, ಇನ್ನೊಂದು ಕೈಯಿಂದ ಕೊಡಬೇಕಾದವನೂ ಅವನೇ.

ಇನ್ನೊಂದು ವಿಚಿತ್ರವನ್ನು ಹೇಳದೆ ಬಿಡುವಂತಿಲ್ಲ. ಬಾಗೇವಾಡಿಯ ಚಿಕ್ಕ ಕಿರಾಣಿ ಅಂಗಡಿಕಾರನು ಕಂಪನಿಯಲ್ಲ, ಬರಿಯ ಮನುಷ್ಯ. ಅವನ ದಿವಾಳಿಗೆ ಅನ್ವಯಿಸುವುದು ಬ್ರಿಟಿಷರ ಕಾಲದ ೧೯೨೦ರ ಪ್ರಾಂತೀಯ ದಿವಾಳಿ ಕಾಯಿದೆ. ಅದರಂತೆ ಅವನನ್ನು ವಿಜಯಪುರದ ಜಿಲ್ಲಾ ನ್ಯಾಯಾಲಯಕ್ಕೆ ಎಳೆಯಲು, ಕಾಯಿದೆ ಹೇಳುವ ದಿವಾಳಿಯ ಲಕ್ಷಣಗಳಲ್ಲೊಂದು ಕಂಡುಬಂದಿದ್ದು, ಬಾಕಿ ೫೦೦ ರೂಪಾಯಿಗಳಷ್ಟಿದ್ದರೆ ಸಾಕು. ಕೋಟಿಗೆ ಒಂದು ರೂಪಾಯಿ ಕಡಿಮೆಯಿರುವ ಬಾಕಿಯನ್ನುಳಿಸಿಕೊಂಡ ಕಂಪನಿ ಈ ವಿಷಯದಲ್ಲಿ ನೆಮ್ಮದಿಯಾಗಿ ನಿದ್ರಿಸಬಹುದು.

ಹಾಗಾದರೆ ಸಣ್ಣ ಮಾಲುಗಾರನಿಗೆ ಉಳಿದಿರುವುದೇನು? ಮಾಲು ಇನ್ನೂ ದಾರಿಯಲ್ಲಿದ್ದರೆ, ಕೊಂಡವನು ದಿವಾಳಿಯಾದನೆಂದು ತಿಳಿದೊಡನೆ, ೧೯೩೦ರ ಸರಕು ಮಾರಾಟ ಕಾಯಿದೆಯಂತೆ ಲಾರಿಯನ್ನು ನಡುದಾರಿಯಲ್ಲಿಯೇ ತಡೆಯುವ ಹಕ್ಕು ಮಾರಿದವನಿಗುಂಟು. ನಿಂಬೆ, ಬೇಳೆ, ಹತ್ತಿಯ ವ್ಯಾಪಾರಿಗಳಿಗೆ ಇದು ಒಳ್ಳೆಯ ಆಸರೆ; ಕೆಲವೇ ಗಂಟೆಗಳಲ್ಲಿ ರಸವಾಗಿಬಿಡುವ ಕಬ್ಬಿಗಲ್ಲ. ನೋಂದಾಯಿಸಿಕೊಂಡ ಸಣ್ಣ ಉದ್ಯಮಗಳವರು, ೨೦೦೬ರ ಕಾಯಿದೆಯ ಪ್ರಕಾರ, ೪೫ ದಿನ ಮೀರಿದ ಬಾಕಿಗೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಿ, ಅದಕ್ಕೆಂದೇ ಇರುವ ಮಂಡಳಿಗೆ ದೂರಬಹುದು. ಕಬ್ಬಿನವನಿಗೆ ಇರುವ ಪ್ರತ್ಯೇಕ ದಾರಿ ೧೯೬೬ರ ಆಜ್ಞೆಯದೇ. ಅದರಂತೆ ಬಾಕಿಯನ್ನು ಪ್ರಮಾಣಪತ್ರದ ಮೇಲೆ ಭೂಕಂದಾಯದ ಬಾಕಿಯಂತೆ ಜಿಲ್ಲಾಧಿಕಾರಿಗಳು ವಸೂಲು ಮಾಡುತ್ತಾರೆ. ಅರ್ಜಿಯ ಶುಲ್ಕವಿಲ್ಲ, ಕೋಟಿಯ ಹೊಸ್ತಿಲಿಲ್ಲ. ಒತ್ತೆಯಿಡದ ಸಕ್ಕರೆ, ಕಾಕಂಬಿಗಳು ಸಿಕ್ಕರೆ ಹಣ ಬೇಗ ಬರುತ್ತದೆ. ಬ್ಯಾಂಕಿನ ಬೀಗವಿದ್ದರೆ ಸಿರಗುಪ್ಪದ ಕಥೆ ಎದುರಾಗುತ್ತದೆ. ಆದುದರಿಂದ ತಡಮಾಡದೆ, ಹಂಗಾಮು ನಡೆದಿರುವಾಗಲೇ, ಗೋದಾಮು ಬರಿದಾಗುವ ಮೊದಲೇ ಕೇಳಿದವರಿಗೆ ಈ ದಾರಿ ಹೆಚ್ಚು ಫಲಿಸುತ್ತದೆ.

ಇಷ್ಟೆಲ್ಲ ಮೀರಿ, ಬೇರೆ ಯಾರದೋ ಅರ್ಜಿಯಿಂದ ಕಂಪನಿ ನ್ಯಾಯಮಂಡಳಿಯ ಕೈಗೆ ಹೋದರೆ, ಅಂದಿನಿಂದ ಅದರ ಮೇಲಿನ ದಾವೆ, ಜಪ್ತಿ, ವಸೂಲಿಗಳೆಲ್ಲ ನಿಂತುಬಿಡುತ್ತವೆ. ಆಗ ವ್ಯವಹಾರ ನೋಡಿಕೊಳ್ಳಲು ನೇಮಕವಾದ ಅಧಿಕಾರಿ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿಯೂ ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿಯೂ ಪ್ರಕಟಣೆ ಕೊಡಬೇಕು. ಸಾಮಾನ್ಯವಾಗಿ ಅದು ಮಕ್ಕಳು ಪುಸ್ತಕಕ್ಕೆ ಹೊದಿಸುವ ಒಳಪುಟದಲ್ಲಿ, ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಅದರಲ್ಲಿ ನಮೂದಿಸಿದ ದಿನದೊಳಗೆ ಮಾಲು ಕೊಟ್ಟವನು ‘ಬಿ’ ನಮೂನೆಯಲ್ಲಿ ತನ್ನ ಬಾಕಿಯನ್ನು ಬರೆದು ಕಳಿಸಬೇಕು. ಜೊತೆಗೆ ಲಗತ್ತಿಸಬೇಕಾದುವು: ಕಾಟಾದ ಚೀಟಿ, ಬಿಲ್ಲಿನ ಪ್ರತಿ, ಬಂದಷ್ಟು ಹಣವನ್ನು ತೋರಿಸುವ ಪಾಸ್‌ಬುಕ್ಕಿನ ಪುಟ.